ಮುಂದಿನ ಮರ ನೋಡು

ತೀರ್ಥಹಳ್ಳಿ

ಪ್ರೀತಿಯ ಅಳಿಯನಿಗೆ ಮಾವನ ಆಶೀರ್ವಾದಗಳು.

ಇಲ್ಲಿ ಎಲ್ಲರೂ ಕ್ಷೇಮ. ಅಡಿಕೆ ಗೊಂಚಲು ಇಳಿಸುವ ಕೊನೆಕೊಯ್ಲು ಅರ್ಧ ಮುಗಿದಿದೆ. ಅಡಿಕೆ ಸುಲಿಯುವ ಮಷಿನ್ ಎರಡು ದಿನ ಕೆಟ್ಟು ಕೂತಿತ್ತು. ನಿನ್ನ ಅತ್ತೆ ಅಟ್ಟದ ಮೇಲಿಂದ ಹಳೇ ಮೆಟ್ಟುಗತ್ತಿ ಇಳಿಸಿ, ಇಡೀ ಮನೆಯವರನ್ನು ಕೂರಿಸಿ ಸುಲಿಸಿದಳು. ನನ್ನ ಬೆರಳಿನ ಚೊಗರು ಇನ್ನೂ ಹೋಗಿಲ್ಲ. ಈ ಕಾಗದಕ್ಕೆ ಕಲೆ ಹತ್ತಿದ್ದರೆ ಅದೇ.

ಭಾನುವಾರ ಫೋನಿನಲ್ಲಿ ನೀನು ಮಾತಾಡಿದ್ದು ನನ್ನ ತಲೆಯಲ್ಲೇ ಉಳಿದಿದೆ. ಅಲ್ಲೇ ಉತ್ತರ ಹೇಳಬಹುದಿತ್ತು. ಆದರೆ ಫೋನಿನಲ್ಲಾದರೆ ನೀನು 'ಆಯ್ತು ಮಾವ, ಆಯ್ತು ಮಾವ' ಅಂತ ಹತ್ತು ಸಲ ಹೇಳಿ ಇಟ್ಟುಬಿಡುತ್ತೀಯ. ಕಾಗದವಾದರೆ ಕೂತು ಓದಲೇಬೇಕು.

ಫುಟ್‌ಬಾಲ್ ತಂಡದಲ್ಲಿ ಕೋಚ್ ನಿನ್ನನ್ನು ಗೋಲು ಹೊಡೆಯುವ ಮುಂದಿನ ಸಾಲಿನಿಂದ ತೆಗೆದು ನಡುವಿನ ಮಿಡ್‌ಫೀಲ್ಡಿಗೆ ಹಾಕಿದರು, ಅದೂ ನಮ್ಮ ಗೋಲು ಕಾಯುವ ಡಿಫೆನ್ಸಿನ ಮುಂದೆ ನಿಲ್ಲುವ ಜಾಗಕ್ಕೆ. ಐದು ಮ್ಯಾಚ್ ಆಯ್ತು, ಒಂದು ಗೋಲಿಲ್ಲ. ಪೇಪರಿನಲ್ಲಿ ಹೆಸರಿಲ್ಲ. 'ನನ್ನನ್ನು ಮೂಲೆಗೆ ತಳ್ಳಿದರು ಮಾವ' ಅಂದೆ. ಅದು ಮೂಲೆ ಅಲ್ಲ ಮಾರಾಯ, ಅಂಗಳದ ನಟ್ಟ ನಡು.

ನಮ್ಮ ತೋಟದಲ್ಲಿ ಕೊನೆ ಇಳಿಸುವುದನ್ನು ನೀನು ಹುಟ್ಟಿದಾಗಿನಿಂದ ನೋಡಿದ್ದೀಯ. ಎಲ್ಲರ ಕಣ್ಣೂ ಮೇಲಿರುವ ಕೊನೆಗಾರನ ಮೇಲೆ. ಮರದಿಂದ ಮರಕ್ಕೆ ಜೀಕುತ್ತಾ ಹೋಗುವ ಅವನ ಧೈರ್ಯ ಸಣ್ಣದಲ್ಲ ಬಿಡು. ಆದರೆ ಕೆಳಗೆ, ಕೊಯ್ದ ಕೊನೆ ಜಾರಿ ಬರುವ ಹಗ್ಗ ಹಿಡಿದವನನ್ನು ಯಾರಾದರೂ ನೋಡುತ್ತಾರಾ? ಅವನು ಹಗ್ಗವನ್ನು ಓರೆಯಾಗಿ ಎಳೆದು ನಿಂತಿರಬೇಕು. ಸಡಿಲ ಬಿಟ್ಟರೆ ಕೊನೆ ನೆಲಕ್ಕೆ ಬಡಿದು ಅಡಿಕೆಯೆಲ್ಲ ಚರಂಡಿ ಪಾಲು. ಅವನು ಸರಿಯಾಗಿದ್ದರೆ ಏನೂ ಆಗುವುದಿಲ್ಲ. ಏನೂ ಆಗದೇ ಇರುವುದೇ ಅವನ ಕೆಲಸ. ಈಗ ನೆಲದಲ್ಲೇ ನಿಂತು ಕೊಯ್ಯುವ ಉದ್ದದ ಫೈಬರ್ ದೋಟಿ ಬಂದು ಈ ಜೋಡಿ ಆಟವೇ ಕಮ್ಮಿಯಾಗುತ್ತಿದೆ, ಅದು ಬೇರೆ ಮಾತು.

ನಿನಗೆ ಹನ್ನೊಂದು ವರ್ಷ ಇದ್ದಾಗ ಒಂದು ದಿನ ನಾನೇ ನಿನ್ನ ಕೈಗೆ ಹಗ್ಗ ಕೊಟ್ಟಿದ್ದೆ. ನೀನು ಬಾಯಿ ಬಿಟ್ಟುಕೊಂಡು ಮೇಲಿಂದ ಜಾರಿ ಬರುವ ಕೊನೆಯನ್ನೇ ನೋಡುತ್ತಾ ನಿಂತೆ. ಅದು ಸೀದಾ ಬಂದು ಭುಜಕ್ಕೆ ಬಡಿಯಿತು. ಅಷ್ಟರಲ್ಲಿ ಕೊನೆಗಾರ ಆಚೆ ಮರಕ್ಕೆ ಜಿಗಿದೂ ಆಗಿತ್ತು. ಅಲ್ಲಿಂದಲೇ ಅವನು ಕೂಗಿದ್ದು ನೆನಪಿದೆಯಾ? 'ಕೊನೆ ಅಲ್ಲ ಅಪ್ಪಿ, ಮುಂದಿನ ಮರ ನೋಡು!'

ಕಳೆದ ವಾರದ ನಿನ್ನ ಮ್ಯಾಚನ್ನು ನಾನು ಫೋನಿನಲ್ಲಿ ನೋಡಿದೆ. ಮನೆಯಲ್ಲಿ ನೆಟ್‌ವರ್ಕ್ ಇಲ್ಲದೆ ಗುಡ್ಡದ ನೆತ್ತಿಗೆ ಹೋಗಿ, ನೀರಿನ ಟ್ಯಾಂಕಿನ ಕಟ್ಟೆ ಮೇಲೆ ಕೂತು ನೋಡಿದೆ. ನಡುನಡುವೆ ಚಿತ್ರ ನಿಂತುಹೋಗುತ್ತಿತ್ತು. ಆದರೂ ಒಂದು ಕಂಡಿತು. ಚೆಂಡು ನಿನ್ನ ಕಡೆ ಬರುವಾಗ ನೀನು ಚೆಂಡನ್ನೇ ನೋಡುತ್ತೀಯ. ಅದು ಕಾಲಿಗೆ ಬಂದ ಮೇಲೆ ತಲೆ ಎತ್ತುತ್ತೀಯ. ಅಷ್ಟರಲ್ಲಿ ಬೆನ್ನ ಹಿಂದೆ ಒಬ್ಬ ಬಂದಿರುತ್ತಾನೆ. ಆಮೇಲೆ ನಿನಗೆ ಉಳಿಯುವುದು ಒಂದೇ ದಾರಿ, ಚೆಂಡನ್ನು ತಿರುಗಿ ಡಿಫೆಂಡರಿಗೇ ಕೊಡುವುದು. ಮುಂದಿನ ಸಾಲಿನಲ್ಲಿ ಆಡುವಾಗ ಗೋಲು ನಿನ್ನ ಎದುರಿಗೇ ಇತ್ತು. ಈಗ ನಾಲ್ಕು ದಿಕ್ಕಿನಿಂದಲೂ ಜನ ಬರುತ್ತಾರೆ. ಚೆಂಡು ಇನ್ನೊಬ್ಬನ ಕಾಲಿನಲ್ಲಿ ಇರುವಾಗಲೇ ಎಡ ಭುಜದ ಮೇಲೆ ಒಂದು ಸಲ, ಬಲ ಭುಜದ ಮೇಲೆ ಒಂದು ಸಲ ಕುತ್ತಿಗೆ ತಿರುಗಬೇಕು. ನೂರೈದು ಮೀಟರ್ ಉದ್ದ, ಅರವತ್ತೆಂಟು ಮೀಟರ್ ಅಗಲದ ಮೈದಾನ ಚೆಂಡು ಬರುವ ಮೊದಲೇ ತಲೆಯೊಳಗೆ ಬಂದಿರಬೇಕು. ಸ್ಪೇನಿನ ಮಿಡ್‌ಫೀಲ್ಡರ್ ಶಾವಿ ಆಡುವಾಗ ಕುತ್ತಿಗೆ ಒಂದೇ ಕಡೆ ನಿಂತದ್ದನ್ನು ನಾನಂತೂ ನೋಡಿಲ್ಲ. ಹಳೇ ವಿಡಿಯೋ ಹಾಕಿಕೊಂಡು ಚೆಂಡನ್ನು ಬಿಟ್ಟು ಅವನ ತಲೆಯನ್ನೇ ನೋಡು.

ಇನ್ನೊಂದು. ಚೆಂಡು ತೆಗೆದುಕೊಳ್ಳುವಾಗ ಅದಕ್ಕೆ ಎದೆ ಕೊಟ್ಟು ನೆಟ್ಟಗೆ ನಿಲ್ಲಬೇಡ. ಅಡ್ಡ ನಿಂತು, ದೂರದ ಕಾಲಿಗೆ ತಗೋ. ಹಾಗೆ ನಿಂತರೆ ಮೊದಲ ಟಚ್ಚಿನಲ್ಲೇ ನೀನು ಅರ್ಧ ತಿರುಗಿರುತ್ತೀಯ. ನಿನ್ನ ಎಡಗಾಲು ಬರೀ ಬಸ್ಸು ಹತ್ತಲಿಕ್ಕೆ ಇರುವುದು ಅಂತ ನಾನು ಹಿಂದೆ ತಮಾಷೆ ಮಾಡುತ್ತಿದ್ದೆ. ಈಗ ಅದು ತಮಾಷೆ ಅಲ್ಲ. ದಿನಾ ಅರ್ಧ ಗಂಟೆ ಗೋಡೆಗೆ ಎಡಗಾಲಲ್ಲೇ ಹೊಡಿ.

ಓಟದ ಬಗ್ಗೆ ನಾನು ಹೇಳಬೇಕಾಗಿಲ್ಲ. ಒಂದು ಮ್ಯಾಚಿನಲ್ಲಿ ಮಿಡ್‌ಫೀಲ್ಡರ್ ಹತ್ತರಿಂದ ಹನ್ನೆರಡು ಕಿಲೋಮೀಟರ್ ಓಡುತ್ತಾನೆ. ಗದ್ದೆ ಬಯಲಿನ ಕೆಸರಿನಲ್ಲಿ ಬೆಳೆದ ಕಾಲು ನಿನ್ನದು, ಓಡುತ್ತದೆ. ಆದರೆ ಸುಮ್ನೆ ಓಡುವುದು ಬೇರೆ. ಮೊನ್ನೆ ನೀನು ಓಡಿದ್ದರಲ್ಲಿ ಅರ್ಧ, ತಪ್ಪು ಜಾಗದಲ್ಲಿ ನಿಂತಿದ್ದಕ್ಕೆ ಕಟ್ಟಿದ ದಂಡ. ಹಾಗೆ ಓಡಿ ಓಡಿ ಹತ್ತೊಂಬತ್ತನೇ ನಿಮಿಷಕ್ಕೆ ಹಿಂದಿನಿಂದ ಅಂಗಿ ಎಳೆದು ಹಳದಿ ಕಾರ್ಡ್ ತಗೊಂಡೆ. ಆಮೇಲೆ ಇನ್ನೊಂದು ಬಿದ್ದರೆ ಮೈದಾನದಿಂದ ಹೊರಗೆ ಅಂತ ಎಪ್ಪತ್ತು ನಿಮಿಷ ಯಾರಿಗೂ ಕಾಲು ಹಾಕಲಾರದೆ ಹೆದರಿ ಆಡಿದೆ. ಆ ಜಾಗದಲ್ಲಿ ಆಡುವವನು ಕಾರ್ಡನ್ನೂ ಅಂಗಡಿ ಲೆಕ್ಕದ ಹಾಗೆ ಜೋಪಾನವಾಗಿ ಖರ್ಚು ಮಾಡಬೇಕು.

ಹೆಸರು ಬರುವುದಿಲ್ಲ ಅಂದೆಯಲ್ಲ. ಬೆಂಗಳೂರಿನಲ್ಲೇ ಹುಟ್ಟಿದ ಕಾರ್ಲ್ಟನ್ ಚಾಪ್‌ಮನ್ ಯಾರು ಅಂತ ನಿನ್ನ ಕೋಚನ್ನು ಕೇಳು. ಮಿಡ್‌ಫೀಲ್ಡರ್. ಟಾಟಾ ಫುಟ್‌ಬಾಲ್ ಅಕಾಡೆಮಿಯಲ್ಲಿ ಕಲಿತು 1993ರಲ್ಲಿ ಕೋಲ್ಕತ್ತದ ಈಸ್ಟ್ ಬೆಂಗಾಲ್ ಕ್ಲಬ್ಬು ಸೇರಿದರು. ಅದೇ ವರ್ಷ ಏಷ್ಯಾದ ಟೂರ್ನಿಯೊಂದರಲ್ಲಿ ಇರಾಕಿನ ಅಲ್ ಜವ್ರಾ ತಂಡದ ಮೇಲೆ ಮೂರು ಗೋಲು ಹೊಡೆದರು. ಈಸ್ಟ್ ಬೆಂಗಾಲ್ 6-2ರಲ್ಲಿ ಗೆದ್ದಿತು. ಆಮೇಲೆ ಪಂಜಾಬಿನ ಜೆಸಿಟಿ ಕ್ಲಬ್ಬಿಗೆ ಹೋದರು. 1996-97ರಲ್ಲಿ ಮೊದಲ ರಾಷ್ಟ್ರೀಯ ಲೀಗ್ ಗೆದ್ದ ತಂಡ ಅದು. ಅಲ್ಲಿ ಪೇಪರಿನವರಿಗೆ ಗೋಲು ಹೊಡೆಯುವ ವಿಜಯನ್, ಭುಟಿಯಾ ಮಾತ್ರ ಕಾಣುತ್ತಿದ್ದರು. ಮತ್ತೆ ಈಸ್ಟ್ ಬೆಂಗಾಲಿಗೆ ಮರಳಿ, 2000-01ರಲ್ಲಿ ನಾಯಕನಾಗಿ ಲೀಗ್ ಗೆದ್ದರು. ಭಾರತಕ್ಕೂ ನಾಯಕರಾಗಿದ್ದರು. 2020ರಲ್ಲಿ ತೀರಿಕೊಂಡಾಗ ಇನ್ನೂ ನಲವತ್ತೊಂಬತ್ತು. ನಮ್ಮ ಜಿಲ್ಲೆಯಲ್ಲಿ ಭದ್ರಾವತಿಯ ವಿಶ್ವನಾಥ್ ಹೆಸರು ಕೇಳದವರಿಲ್ಲ, ಕ್ರಿಕೆಟ್ ಜಿಲ್ಲೆ ನಮ್ಮದು. ಚಾಪ್‌ಮನ್ ಅಂದರೆ ನನ್ನ ಮುಖ ನೋಡುತ್ತಾರೆ. ಆದರೆ ಜೊತೆಗೆ ಆಡಿದವರಿಗೆ ಗೊತ್ತಿರುತ್ತದೆ. ನಿನ್ನ ಹೆಸರು ಮೊದಲು ಗೊತ್ತಾಗಬೇಕಾದದ್ದೂ ಅವರಿಗೇ.

ಮೈಕಟ್ಟು ಸಾಲದು ಅಂತಲೂ ಕೊರಗಿದೆ. ಕ್ರೊಯೇಷಿಯಾದ ಮೋಡ್ರಿಚ್ ಗೊತ್ತಲ್ಲ? ನಮ್ಮ ಹಾಗೇ ಗುಡ್ಡದ ಊರಿನ ಹುಡುಗ, ಸಣ್ಣವನಿದ್ದಾಗ ಮೇಕೆಗಳ ಹಿಂದೆ ತಿರುಗಿದವನು. ಯುದ್ಧದಲ್ಲಿ ಅಜ್ಜನನ್ನು ಕೊಂದರು, ಮನೆಯವರು ನಿರಾಶ್ರಿತರಾಗಿ ಹೋಟೆಲಿನ ಕೋಣೆಯಲ್ಲಿ ವರ್ಷಗಟ್ಟಲೆ ಇದ್ದರು. ಹೈದುಕ್ ಸ್ಪ್ಲಿಟ್ ಕ್ಲಬ್ಬಿನವರು ಹುಡುಗ ತೀರಾ ಪೀಚು ಅಂತ ಬೇಡ ಅಂದರು. ಸೇರಿಸಿಕೊಂಡ ಇನ್ನೊಂದು ಕ್ಲಬ್ಬಿನವರು ಹದಿನೆಂಟಕ್ಕೆ ಅವನನ್ನು ಬೋಸ್ನಿಯಾದ ಲೀಗಿಗೆ ಕಡ ಕಳಿಸಿದರು. ಕಾಲಿಗೆ ಒದೆ ತಿನ್ನುವ ಒರಟು ಲೀಗು. ಅಲ್ಲಿಂದ ಹದಿನೈದು ವರ್ಷ ಕಳೆದು 2018ರಲ್ಲಿ, ಮೂವತ್ಮೂರನೇ ವಯಸ್ಸಿನಲ್ಲಿ, ವರ್ಷದ ಶ್ರೇಷ್ಠ ಆಟಗಾರನಿಗೆ ಕೊಡುವ ಬ್ಯಾಲನ್ ಡೋರ್ ಬಂತು. ನಿನಗೆ ಈಗ ಹತ್ತೊಂಬತ್ತು. ಐದು ಮ್ಯಾಚಿನ ಲೆಕ್ಕ ಹೇಳುತ್ತಿದ್ದೀಯ.

ಈಗ ನನ್ನ ಕಾಲಿನ ಮಂಡಿಯ ಕಥೆ. ನಿನ್ನ ಅಮ್ಮನಿಗೂ ಪೂರ್ತಿ ಗೊತ್ತಿಲ್ಲ.

ನಾನು ಶಿವಮೊಗ್ಗದಲ್ಲಿ ಕಾಲೇಜು ಓದುವಾಗ ಲೆಫ್ಟ್ ಹಾಫ್ ಆಡುತ್ತಿದ್ದೆ. ಮಿಡ್‌ಫೀಲ್ಡರ್ ಅನ್ನುವ ಮಾತು ನಮ್ಮ ಬಾಯಲ್ಲಿ ಇರಲಿಲ್ಲ. ಎರಡನೇ ವರ್ಷ ಒಂದು ಮ್ಯಾಚಿನಲ್ಲಿ ತಿರುಗುವಾಗ ಕಾಲು ನೆಲದಲ್ಲೇ ಉಳಿಯಿತು, ಮೈ ಮಾತ್ರ ತಿರುಗಿತು. ಮಂಡಿಯೊಳಗೆ ಟಕ್ ಅಂತ ಸದ್ದು. ಸಂಜೆಗೆ ಕುಂಬಳಕಾಯಿಯ ಹಾಗೆ ಊದಿತ್ತು. ಒಬ್ಬರು ಎಣ್ಣೆ ಹಾಕಿ ನೀವಿದರು, ಸೊಪ್ಪು ಕಟ್ಟಿದರು. ಊತ ಇಳಿಯಿತು. ಮೂರು ವಾರಕ್ಕೆ ಒಂದು ಇಲಾಖೆಯ ತಂಡದ ಆಯ್ಕೆ ಇತ್ತು. ಗೆದ್ದರೆ ಕ್ರೀಡಾ ಕೋಟಾದಲ್ಲಿ ನೌಕರಿ ಅಂತ ಬಾಯಿ ಮಾತಲ್ಲಿ ಹೇಳಿದ್ದರು. ನೋವಿದೆ ಅಂತ ನಾನು ಯಾರಿಗೂ ಹೇಳಲಿಲ್ಲ. ಹೇಳಿದರೆ ಕೈಬಿಡುತ್ತಾರೆ ಅನ್ನುವ ಹೆದರಿಕೆ. ಹತ್ತು ನಿಮಿಷ ಚೆನ್ನಾಗಿ ಆಡಿದೆ, ನಿಜವಾಗಿಯೂ ಚೆನ್ನಾಗಿ ಆಡಿದೆ. ಆಮೇಲೆ ಒಂದು ಸಾಧಾರಣ ತಿರುವು. ಯಾರೂ ಮುಟ್ಟಿರಲಿಲ್ಲ. ಮಂಡಿ ಕಳಚಿದ ಹಾಗಾಗಿ ಬಿದ್ದೆ. ಅವತ್ತು ರಾತ್ರಿ ಬಸ್ಸಿನಲ್ಲಿ ಊರಿಗೆ ಬಂದೆ. ಬೂಟನ್ನು ಬಸ್ಸಿನಲ್ಲೇ ಬಿಟ್ಟು ಇಳಿದೆ. ಮರೆತು ಬಂದೆ ಅಂತ ಎಲ್ಲರಿಗೂ ಹೇಳಿದೆ.

ಹರಿದದ್ದು ಎಸಿಎಲ್, ಅಂದರೆ ಮಂಡಿಯೊಳಗೆ ಮೂಳೆಗಳನ್ನು ಹಿಡಿದಿಡುವ ಕಟ್ಟು ಅಂತ ಡಾಕ್ಟರು ಹೇಳಿದ್ದು ನನಗೆ ಐವತ್ತು ದಾಟಿದ ಮೇಲೆ. ಇವತ್ತಿಗೂ ತೋಟದ ದರೆ ಇಳಿಯುವಾಗ ಮರ ಹಿಡಿದೇ ಇಳಿಯುತ್ತೇನೆ. ಈಗ ಅದಕ್ಕೆ ಆಪರೇಷನ್ ಇದೆ, ಫಿಸಿಯೋ ಇದ್ದಾರೆ. ಆದರೂ ಒಂಬತ್ತು ತಿಂಗಳಿಗೆ ಮೊದಲೇ ಮೈದಾನಕ್ಕೆ ಇಳಿದವರಿಗೆ ಮತ್ತೆ ಪೆಟ್ಟಾಗುವುದು ಜಾಸ್ತಿ. ಅದಕ್ಕೇ ಹೇಳುತ್ತಿದ್ದೇನೆ, ಎಲ್ಲಿ ನೋವಾದರೂ ಅವತ್ತೇ ಬಾಯಿ ಬಿಡು. ಒಂದು ಮ್ಯಾಚ್ ಬೆಂಚಿನಲ್ಲಿ ಕೂತರೆ ಪ್ರಾಣ ಹೋಗುವುದಿಲ್ಲ. ಜಗತ್ತಿನ ಫುಟ್‌ಬಾಲ್ ನಡೆಸುವ ಫಿಫಾ ಸಂಸ್ಥೆಯ 11+ ಅಂತ ಇಪ್ಪತ್ತು ನಿಮಿಷದ ವಾರ್ಮಪ್ ಇದೆ. ವಾರಕ್ಕೆ ಎರಡು ಮೂರು ಸಲ ತಪ್ಪದೆ ಮಾಡುವ ತಂಡಗಳಲ್ಲಿ ಪೆಟ್ಟು ಕಮ್ಮಿ. ನಿಮ್ಮಲ್ಲಿ ಮಾಡಿಸದಿದ್ದರೆ ನೀನೊಬ್ಬನೇ ಮಾಡು, ನಗುವವರು ನಗಲಿ.

ಒಂದು ಕ್ಲಬ್ಬಿನವರು ನಿನ್ನನ್ನು ನೋಡಿಹೋಗಿದ್ದಾರೆ, ಕರಾರಿನ ಮಾತು ಬರಬಹುದು ಅಂದೆ. ಸಂತೋಷ. ಅವರು ನೋಡಿದ್ದು ಈ ಹೊಸ ಜಾಗದಲ್ಲಿ ಆಡುವ ನಿನ್ನನ್ನೇ ಅಲ್ವಾ? ಅದನ್ನು ನೀನು ಗಮನಿಸಿದ ಹಾಗಿಲ್ಲ. ಇರಲಿ. ಸಹಿ ಹಾಕುವ ಮೊದಲು ಕಾಗದದ ಪ್ರತಿ ಪುಟದ ಫೋಟೋ ನನಗೆ ಕಳಿಸು. ಇಲ್ಲಿ ನಮ್ಮ ವಕೀಲರು ಜಮೀನಿನ ಕೇಸು ನೋಡುವವರು, ಫುಟ್‌ಬಾಲ್ ಗೊತ್ತಿಲ್ಲ. ಆದರೆ ಕಾಗದದಲ್ಲಿ ಏನು ಬರೆದಿಲ್ಲ ಅನ್ನುವುದು ಅವರಿಗೆ ಚೆನ್ನಾಗಿ ಕಾಣುತ್ತದೆ. ಎಷ್ಟು ವರ್ಷ, ಇನ್ನೊಂದು ವರ್ಷ ಮುಂದುವರಿಸುವ ಹಕ್ಕು ಯಾರದು, ಪೆಟ್ಟಾದರೆ ಆಸ್ಪತ್ರೆ ಬಿಲ್ಲು ಯಾರದು, ಆ ತಿಂಗಳುಗಳ ಸಂಬಳ ಬರುತ್ತದಾ, ಇಷ್ಟು ಕೇಳಲೇಬೇಕು. ಬಾಯಿ ಮಾತಿನ ಗತಿ ಏನು ಅಂತ ಈಗಷ್ಟೇ ಓದಿದೆ. ಎರಡು ತಿಂಗಳ ಸಂಬಳ ಬಾಕಿ ಇಟ್ಟರೆ, ಬರೆದು ಕೊಟ್ಟು ಹದಿನೈದು ದಿನ ಕಾದು, ಆಟಗಾರ ಕರಾರು ಮುರಿಯಬಹುದು ಅಂತ ಫಿಫಾ ನಿಯಮವೇ ಇದೆ. ಅದೂ ಗೊತ್ತಿರಲಿ.

ದೊಡ್ಡ ಹೆಸರು ನೋಡಿ ನಿಶ್ಚಿಂತೆಯಿಂದ ಇರಬೇಡ. 2025ರಲ್ಲಿ ದೇಶದ ದೊಡ್ಡ ಲೀಗಾದ ಐಎಸ್‌ಎಲ್ಲೇ ತಡೆಬಿದ್ದು ನಿಂತಿತು. ಫುಟ್‌ಬಾಲ್ ಒಕ್ಕೂಟಕ್ಕೂ ಲೀಗ್ ನಡೆಸುವ ಕಂಪನಿಗೂ ಇದ್ದ ಒಪ್ಪಂದದ ಅವಧಿ ಮುಗಿಯುತ್ತಿತ್ತು, ಹೊಸದು ಕುದುರಿರಲಿಲ್ಲ. ಆ ಆಗಸ್ಟಿನಲ್ಲಿ ಬೆಂಗಳೂರು ಎಫ್‌ಸಿ ಆಟಗಾರರ ಸಂಬಳ ನಿಲ್ಲಿಸಿತು. 2019ರಲ್ಲಿ ಐಎಸ್‌ಎಲ್ ಗೆದ್ದಿದ್ದ ಕ್ಲಬ್ಬು! ಮಳೆ ಯಾರ ತೋಟವನ್ನೂ ಕೇಳಿ ಬರುವುದಿಲ್ಲ. ಹಾಗಂತ ದಾರಿ ಅದೊಂದೇ ಅಂದುಕೊಳ್ಳಬೇಡ. ರಾಜ್ಯ ತಂಡಗಳು ಆಡುವ ಸಂತೋಷ್ ಟ್ರೋಫಿ ಅಂದರೆ ಈಗಿನವರಿಗೆ ಸಸಾರ. ಆದರೆ 2023ರಲ್ಲಿ ನಮ್ಮ ಕರ್ನಾಟಕದ ಹುಡುಗರು ಸೌದಿಯ ರಿಯಾದಿನಲ್ಲಿ ಮೇಘಾಲಯವನ್ನು 3-2ರಲ್ಲಿ ಸೋಲಿಸಿ ಅದನ್ನು ತಂದಾಗ, ಐವತ್ನಾಲ್ಕು ವರ್ಷ ಆಗಿತ್ತು. ಹಿಂದಿನ ಸಲ ಗೆದ್ದಾಗ ನಮ್ಮ ರಾಜ್ಯದ ಹೆಸರೇ ಮೈಸೂರು.

ದುಡ್ಡಿನ ವಿಷಯ ನಿನ್ನ ಅಪ್ಪ ಹೇಳುತ್ತಾರೆ, ನಾನು ತೋಟದ ಲೆಕ್ಕ ಮಾತ್ರ ಹೇಳುತ್ತೇನೆ. ಅಡಿಕೆ ಸಸಿ ನೆಟ್ಟಾಗ ನೆರಳಿಗೆ ಅಂತ ನಡುವೆ ಬಾಳೆ ಹಾಕುತ್ತೇವಲ್ಲ. ಬಾಳೆ ವರ್ಷದೊಳಗೆ ಗೊನೆ ಹಾಕುತ್ತದೆ, ಕಡಿದರೆ ಮುಗಿಯಿತು. ಆ ಗೊನೆ ಮಾರಿದ ದುಡ್ಡಲ್ಲೇ ಐದಾರು ವರ್ಷ ಅಡಿಕೆ ಸಸಿಗೆ ಗೊಬ್ಬರ. ಫುಟ್‌ಬಾಲ್ ಸಂಬಳ ಬಾಳೆಗೊನೆ. ಮೂವತ್ತೈದಕ್ಕೆ ಹೆಚ್ಚುಕಮ್ಮಿ ಎಲ್ಲರದೂ ಕಡಿದಾಗುತ್ತದೆ, ಮೋಡ್ರಿಚ್‌ನ ಲೆಕ್ಕ ಇಲ್ಲಿ ಹಿಡಿಯಬೇಡ. ಹಾಗಾಗಿ ಬಿಕಾಂ ಕೊನೇ ವರ್ಷದ ಪರೀಕ್ಷೆ ಕಟ್ಟು. ಮುಂದೆ ಪುರುಸೊತ್ತಾದಾಗ ಕೋಚಿಂಗ್‌ನ ಡಿ ಲೈಸೆನ್ಸ್ ಮಾಡಿಕೋ. ಇದರ ಮೇಲೆ ಇನ್ನು ಉಪದೇಶ ಇಲ್ಲ, ಅದನ್ನು ನಿನ್ನ ಅಮ್ಮ ದಿನಾ ಮಾಡುತ್ತಾಳೆ.

ಮುಂದಿನ ತಿಂಗಳು ಅಡಿಕೆ ಮಂಡಿಗೆ ಹಾಕಿದ ಮೇಲೆ ನಾನು ತಾಳಗುಪ್ಪದ ರೈಲಿನಲ್ಲಿ ಬೆಂಗಳೂರಿಗೆ ಬರುತ್ತೇನೆ. ನಿನ್ನ ಮ್ಯಾಚ್ ಯಾವತ್ತು, ಯಾವ ಮೈದಾನದಲ್ಲಿ ಅಂತ ತಿಳಿಸು. ಗೋಲು ಹೊಡೆದು ತೋರಿಸುವ ಹಟ ಬೇಡ. ನಾನು ನಡುಗೆರೆಯ ಹತ್ತಿರ ಕೂತು ನಿನ್ನ ಕುತ್ತಿಗೆ ಎಷ್ಟು ಸಲ ತಿರುಗುತ್ತದೆ ಅಂತ ಎಣಿಸುತ್ತೇನೆ.

ಅಪ್ಪೆಮಿಡಿ ಉಪ್ಪಿನಕಾಯಿ ಖಾಲಿಯಾಗಿದೆ ಅಂದಿದ್ದೆಯಂತೆ. ಅತ್ತೆ ಎರಡು ಬಾಟಲಿ ಕಟ್ಟಿಟ್ಟಿದ್ದಾಳೆ. ಹೋದ ಸಲದ ಬಾಟಲಿಗಳನ್ನು ತೊಳೆದು ವಾಪಸ್ ಕೊಡಬೇಕಂತೆ, ಅದನ್ನು ಮರೆಯದೆ ಬರಿ ಅಂತ ಇಲ್ಲೇ ನಿಂತು ಹೇಳುತ್ತಿದ್ದಾಳೆ.

ನಿನ್ನ ಮಾವ