ಮರಳುಗಾಡಿನ ಹೆಣ್ಣುಮಕ್ಕಳ ಐಸ್ ಹಾಕಿಗೆ ನೆರವಾಗಿ: ಆಗಸ್ಟ್ 20ರೊಳಗೆ ದೇಣಿಗೆ ಕೋರಿ ಮನವಿ

ಆತ್ಮೀಯ ಕನ್ನಡ ಬಂಧುಗಳೇ,

ನಮಸ್ಕಾರ. ಹೆಣ್ಣುಮಕ್ಕಳಿಗೆ ಐಸ್ ಹಾಕಿ ಕಲಿಸುವ ನಮ್ಮ ಟ್ರಸ್ಟನ್ನು ನಿಮಗೆ ಹೊಸದಾಗಿ ಪರಿಚಯಿಸಬೇಕಾಗಿಲ್ಲ. ಅಮೆರಿಕದ ಅರಿಜೋನಾದ ಫೀನಿಕ್ಸ್ ಸುತ್ತಮುತ್ತಲಿನ ಚಾಂಡ್ಲರ್, ಟೆಂಪಿ, ಗಿಲ್ಬರ್ಟ್‌ಗಳಲ್ಲಿ ನೆಲೆಸಿರುವ ನಿಮ್ಮಲ್ಲಿ ಎಷ್ಟೋ ಮಂದಿ ಮೊದಲಿನಿಂದಲೂ ನಮ್ಮ ಜೊತೆಗಿದ್ದೀರಿ. ಯುಗಾದಿ ಊಟದಲ್ಲಿ ಹುಂಡಿ ಹಿಡಿದು ಪಂಕ್ತಿಯಿಂದ ಪಂಕ್ತಿಗೆ ಓಡಾಡಿದ್ದೀರಿ, ಹಳೆಯ ಸ್ಕೇಟು, ಪ್ಯಾಡು, ಹೆಲ್ಮೆಟ್ಟುಗಳನ್ನು ನಿಮ್ಮ ಗ್ಯಾರೇಜುಗಳಲ್ಲಿ ಕಾಪಾಡಿಕೊಟ್ಟಿದ್ದೀರಿ. ಆ ಸಲಿಗೆಯಿಂದಲೇ ಮತ್ತೆ ನಿಮ್ಮ ಬಾಗಿಲಿಗೆ ಬಂದಿದ್ದೇವೆ. ಈ ಸಲ ಸಮಯ ತೀರಾ ಕಡಿಮೆ ಇದೆ.

ಜೂನ್ ಕೊನೆಯ ವಾರದಲ್ಲಿ ನಮ್ಮ ಹುಡುಗಿಯರು ಅಭ್ಯಾಸ ಮಾಡುವ ರಿಂಕಿನ, ಅಂದರೆ ಐಸ್ ಅಂಗಳದ, ಚಿಲ್ಲರ್ ಎಂಬ ತಂಪುಯಂತ್ರ ಕೆಟ್ಟು ನಿಂತಿತು. ಹೊರಗೆ 45 ಡಿಗ್ರಿ ಬಿಸಿಲು, ರಾತ್ರಿಯೂ ಇಳಿಯದ ಧಗೆ. ಕಾಂಕ್ರೀಟಿನೊಳಗಿನ ಕೊಳವೆಗಳಲ್ಲಿ ತಣ್ಣನೆಯ ದ್ರವ ಹರಿಯುತ್ತಿದ್ದರೆ ಮಾತ್ರ ಅದರ ಮೇಲಿನ ಇಂಚು, ಒಂದೂವರೆ ಇಂಚು ದಪ್ಪದ ಐಸ್ ನಿಲ್ಲುತ್ತದೆ. ಅದು ನಿಂತರೆ ಎಲ್ಲವೂ ನಿಂತಂತೆ. ಮರುದಿನ ಸಂಜೆ ಹೊತ್ತಿಗೆ ಮಧ್ಯದ ಕೆಂಪು ಗೆರೆ ಬಣ್ಣ ಬಿಟ್ಟು, ಕೆಂಪು ನೀರು ಬದಿಯ ಹಲಗೆಯವರೆಗೂ ಹರಿದು ನಿಂತಿತ್ತು. ಸುದ್ದಿ ತಿಳಿಯದೆ ಬಂದಿದ್ದ ಮಕ್ಕಳು ಬ್ಯಾಗು ಹೆಗಲಿಗೇರಿಸಿಕೊಂಡೇ ಗಾಜಿನಾಚೆ ನಿಂತು ನೋಡಿ ಮನೆಗೆ ಹೋದರು.

ಚಿಲ್ಲರ್ ಈಗ ದುರಸ್ತಿಯಾಗಿದೆ. ಆದರೆ ದುರಸ್ತಿಯ ಭಾರ ಬಾಡಿಗೆಯ ಮೇಲೆ ಬಿದ್ದಿದೆ. ಗಂಟೆಗೆ 400 ಡಾಲರಿನ ಆಸುಪಾಸು ಕೇಳುತ್ತಿದ್ದಾರೆ, ಅದೂ ಸೆಪ್ಟೆಂಬರಿನಿಂದ ಮಾರ್ಚ್‌ವರೆಗಿನ ಇಡೀ ಹಂಗಾಮಿನ ಹಣವನ್ನು ಮುಂಗಡವಾಗಿ. ಆಗಸ್ಟ್ 20ರೊಳಗೆ ಕಟ್ಟದಿದ್ದರೆ ನಮ್ಮ ಹೊತ್ತನ್ನು ಬೇರೆ ತಂಡಕ್ಕೆ ಕೊಡುತ್ತಾರೆ. ನಡುವಿನ ವಾರಗಳಲ್ಲಿ ಅಭ್ಯಾಸ ತಪ್ಪಬಾರದೆಂದು ದೂರದ ಇನ್ನೊಂದು ರಿಂಕನ್ನು ಬಾಡಿಗೆಗೆ ಹಿಡಿದಿದ್ದರಿಂದ ಕೂಡಿಟ್ಟ ಹಣದಲ್ಲಿ ದೊಡ್ಡ ಪಾಲು ಖರ್ಚಾಗಿದೆ.

ಮರಳುಗಾಡಿನಲ್ಲಿ ಐಸ್ ಹಾಕಿ ಏಕೆ ಎಂದು ಹೊಸದಾಗಿ ಬಂದವರು ಈಗಲೂ ಕೇಳುತ್ತಾರೆ. ಟೆಂಪಿಯಲ್ಲಿ ನಡೆದದ್ದನ್ನು ಕಣ್ಣಾರೆ ಕಂಡ ನಿಮಗೆ ಈ ಪ್ರಶ್ನೆ ಏಳುವುದಿಲ್ಲ. ಅರಿಜೋನಾ ಸ್ಟೇಟ್ ವಿಶ್ವವಿದ್ಯಾಲಯದ ಗಂಡುಮಕ್ಕಳ ತಂಡ ಬಹಳ ಕಾಲ ಬರೀ ಕ್ಲಬ್ ತಂಡ, ಅಂದರೆ ವಿಶ್ವವಿದ್ಯಾಲಯದ ಅಧಿಕೃತ ತಂಡವಲ್ಲದ ವಿದ್ಯಾರ್ಥಿಗಳ ಕೂಟವಾಗಿತ್ತು. 2014ರಲ್ಲಿ ಅದು ಕ್ಲಬ್ ತಂಡಗಳ ರಾಷ್ಟ್ರೀಯ ಪ್ರಶಸ್ತಿ ಗೆದ್ದಿತು. ಅದೇ ವರ್ಷ ದಾನಿಗಳಿಂದ 32 ಮಿಲಿಯನ್ ಡಾಲರ್ ಬಂತು, 2015ರ ಹಂಗಾಮಿನಿಂದ ಅಮೆರಿಕದ ಕಾಲೇಜು ಕ್ರೀಡೆಯ ಅತ್ಯುನ್ನತ ಹಂತವಾದ ಎನ್‌ಸಿಎಎ ಡಿವಿಜನ್ ಒಂದಕ್ಕೆ ತಂಡ ಏರಿತು. ಎಂಟುನೂರು ಜನರೂ ಹಿಡಿಯದ ಓಷನ್‌ಸೈಡ್ ರಿಂಕಿನಲ್ಲಿ ಆಡುತ್ತಲೇ 2019ರಲ್ಲಿ ಮೊದಲ ಬಾರಿಗೆ ರಾಷ್ಟ್ರೀಯ ಟೂರ್ನಿಗೆ ಆಯ್ಕೆಯಾಯಿತು. ಅಲ್ಲಿ ಕ್ವಿನಿಪಿಯಾಕ್ ವಿಶ್ವವಿದ್ಯಾಲಯದ ಎದುರು 2-1ರಲ್ಲಿ ಸೋತರೂ ಆ ರಾತ್ರಿ ನಮ್ಮ ಮನೆಗಳಲ್ಲಿ ಯಾರೂ ಬೇಗ ಮಲಗಲಿಲ್ಲ. 2022ರಲ್ಲಿ ಸುಮಾರು ಐದು ಸಾವಿರ ಆಸನಗಳ ಮುಲೆಟ್ ಅರೀನಾ ತೆರೆಯಿತು. 2024ರಲ್ಲಿ ತಂಡ ಎನ್‌ಸಿಎಚ್‌ಸಿ ಎಂಬ ಬಲಿಷ್ಠ ಕಾನ್ಫರೆನ್ಸ್ (ತಮ್ಮತಮ್ಮಲ್ಲಿ ಪಂದ್ಯವಾಡುವ ಕಾಲೇಜು ತಂಡಗಳ ಕೂಟ) ಸೇರಿತು. ಸ್ಕಾಟ್ಸ್‌ಡೇಲ್‌ನಲ್ಲಿ ಬೆಳೆದ ಆಸ್ಟನ್ ಮ್ಯಾಥ್ಯೂಸ್ 2016ರ ಎನ್‌ಎಚ್‌ಎಲ್ ಡ್ರಾಫ್ಟಿನಲ್ಲಿ, ಅಂದರೆ ವೃತ್ತಿಪರ ತಂಡಗಳು ಹೊಸ ಆಟಗಾರರನ್ನು ಆರಿಸಿಕೊಳ್ಳುವ ಸುತ್ತಿನಲ್ಲಿ, ಮೊದಲನೆಯವನಾಗಿ ಆಯ್ಕೆಯಾದಾಗ, ಬಿಸಿಲ ನಾಡಿನ ಮಕ್ಕಳಿಗೆ ಐಸ್ ಒಗ್ಗದು ಎನ್ನುವ ಮಾತು ಮುಗಿಯಿತು ಎಂದುಕೊಂಡೆವು.

ಗಂಡುಮಕ್ಕಳ ಮಟ್ಟಿಗೆ ಅದು ನಿಜ. ಹೆಣ್ಣುಮಕ್ಕಳ ಕಥೆಯೇ ಬೇರೆ. ಹೆಣ್ಣುಮಕ್ಕಳಿಗೆ ಡಿವಿಜನ್ ಒಂದರಲ್ಲಿ ನಲವತ್ತಕ್ಕೂ ಹೆಚ್ಚು ತಂಡಗಳಿವೆ. ಅವುಗಳಲ್ಲಿ ಒಂದೂ ಮಿನ್ನೆಸೋಟದಿಂದ ಪಶ್ಚಿಮಕ್ಕಿಲ್ಲ. ನಾರ್ತ್ ಡಕೋಟದ ವಿಶ್ವವಿದ್ಯಾಲಯ ತನ್ನ ಮಹಿಳಾ ತಂಡವನ್ನು 2017ರಲ್ಲಿ ಕೈಬಿಟ್ಟಿತು, ಆಮೇಲೆ ಈ ಕಡೆ ಯಾರೂ ಕಟ್ಟಲಿಲ್ಲ. ನಮ್ಮ ಹುಡುಗಿಯೊಬ್ಬಳು ಆ ಮಟ್ಟದಲ್ಲಿ ಆಡಬೇಕಾದರೆ ಹತ್ತಿರವೆಂದರೆ ಮಿನ್ನೆಸೋಟ ಇಲ್ಲವೇ ಮಿಸೌರಿ, ಎರಡಕ್ಕೂ ಸುಮಾರು ಮೂರು ಗಂಟೆಯ ವಿಮಾನದ ದಾರಿ. ಚಾಂಡ್ಲರ್‌ನಲ್ಲಿ ಬೆಳೆದು 2014ರ ಸೋಚಿ ಒಲಿಂಪಿಕ್ಸ್‌ನಲ್ಲಿ ಅಮೆರಿಕಕ್ಕೆ ಬೆಳ್ಳಿ ತಂದ ಲಿಂಡ್ಸಿ ಫ್ರೈ ಕೂಡ ಕಾಲೇಜು ಹಾಕಿಗಾಗಿ ದೇಶದ ಇನ್ನೊಂದು ತುದಿಯ ಹಾರ್ವರ್ಡ್‌ಗೆ ಹೋದವರು. ಎಲ್ಲ ಮನೆಗಳಿಗೂ ಅಷ್ಟು ದೂರ ಕಳಿಸುವ ಶಕ್ತಿ ಇರುವುದಿಲ್ಲ. ಇಲ್ಲೇ ಓದುವ ಹುಡುಗಿಯರು ಕ್ಲಬ್ ತಂಡದಲ್ಲಿ, ಪ್ರಯಾಣಕ್ಕೂ ಐಸಿಗೂ ಸ್ವಂತ ಜೇಬಿನಿಂದ ಹಾಕಿಕೊಂಡು ಆಡುತ್ತಿದ್ದಾರೆ.

ವಿಶ್ವವಿದ್ಯಾಲಯಗಳೂ ತಾವಾಗಿ ಮುಂದೆ ಬರುವ ಕಾಲ ಇದಲ್ಲ. 2025ರ ಜುಲೈಯಿಂದ ಅವು ತಮ್ಮ ಕ್ರೀಡಾ ಆದಾಯದಲ್ಲಿ ಆಟಗಾರರಿಗೆ ನೇರ ಪಾಲು ಕೊಡತೊಡಗಿವೆ. ಹೊಸ ಆಟವೆಂದರೆ ಖಜಾಂಚಿಗಳು ಮೊದಲು ಕೇಳುವುದು ಹೊರಗಿನ ಹಣ ಎಷ್ಟಿದೆ, ಸುತ್ತಮುತ್ತ ಆಡುವ ಮಕ್ಕಳು ಎಷ್ಟಿದ್ದಾರೆ ಎಂದು. ಇಂಥ ಹೊತ್ತಿನಲ್ಲೂ ಡೆಲವೇರ್ ವಿಶ್ವವಿದ್ಯಾಲಯ 2025ರಲ್ಲಿ ಮಹಿಳಾ ತಂಡವನ್ನು ಡಿವಿಜನ್ ಒಂದರಲ್ಲಿ ಇಳಿಸಿತು. ಪೂರ್ವದಲ್ಲಿ ಆಗುವುದು ಪಶ್ಚಿಮದಲ್ಲಿ ಏಕಾಗದು? ನಾವು ಕೇಳುವುದು ಇಷ್ಟೇ: ಈ ಭಾಗದ ಯಾವುದಾದರೂ ವಿಶ್ವವಿದ್ಯಾಲಯ ನಾಳೆ ಮನಸ್ಸು ಮಾಡಿದರೆ, ಆಡಲು ತಯಾರಾದ ಹುಡುಗಿಯರು ಇಲ್ಲಿರಬೇಕು. ಹತ್ತು ಹನ್ನೆರಡರ ವಯಸ್ಸಿನಲ್ಲಿ ಐಸ್ ತಪ್ಪಿದ ಹುಡುಗಿ ಹದಿನೆಂಟಕ್ಕೆ ಮರಳಿ ಬರುವುದಿಲ್ಲ.

ಜನರ ಹಣಕ್ಕೆ ಎಷ್ಟು ಬಲವಿದೆ ಎಂಬುದನ್ನು ಅಲಾಸ್ಕದ ಆಂಕರೇಜ್ ತೋರಿಸಿಕೊಟ್ಟಿತು. 2020ರಲ್ಲಿ ಅಲ್ಲಿನ ವಿಶ್ವವಿದ್ಯಾಲಯ ಹಾಕಿಯನ್ನು ನಿಲ್ಲಿಸುವುದಾಗಿ ಹೇಳಿ, ಉಳಿಸಿಕೊಳ್ಳಬೇಕಾದರೆ ಸುಮಾರು ಮೂರು ಮಿಲಿಯನ್ ಡಾಲರ್ ತನ್ನಿ ಎಂದಿತು. ಊರಿನವರು ತಂದರು. 2022ರಲ್ಲಿ ತಂಡ ಮತ್ತೆ ಐಸಿಗಿಳಿಯಿತು. ಅಲಬಾಮದ ಹಂಟ್ಸ್‌ವಿಲ್‌ನವರೂ 2020ರಲ್ಲಿ ಕೆಲವೇ ದಿನಗಳಲ್ಲಿ ಹಣ ಕೂಡಿಸಿ ತಂಡ ಉಳಿಸಿಕೊಂಡಿದ್ದರು. ಆದರೆ ಸೇರಿಸಿಕೊಳ್ಳುವ ಕಾನ್ಫರೆನ್ಸ್ ಸಿಗದೆ 2021ರಲ್ಲಿ ಆ ತಂಡ ನಿಂತುಹೋಯಿತು. ದಕ್ಷಿಣದಲ್ಲಿ ಒಂಟಿಯಾಗಿದ್ದದ್ದೇ ಅದಕ್ಕೆ ಮುಳುವಾಯಿತು. ಒಂದು ಸೀಮೆಯಲ್ಲಿ ಆಟ ಬೇರೂರಬೇಕಾದರೆ ನೆರೆಹೊರೆಯಲ್ಲೂ ತಂಡಗಳು ಬೇಕು, ತಳದಲ್ಲಿ ಮಕ್ಕಳು ಬೇಕು.

ಆ ತಳದ ಕೆಲಸವನ್ನೇ ನಮ್ಮ ಟ್ರಸ್ಟು ಕೈಗೆತ್ತಿಕೊಂಡಿದೆ. ನಾಲ್ಕಾರು ಕನ್ನಡ ಕುಟುಂಬಗಳು ತಮ್ಮ ಹೆಣ್ಣುಮಕ್ಕಳಿಗಾಗಿ ಶುರುಮಾಡಿದ್ದು ಇಂದು ಮೆಕ್ಸಿಕನ್, ನವಾಹೊ, ಸೊಮಾಲಿ, ತೆಲುಗು, ತಮಿಳು ಮನೆಗಳ ಹುಡುಗಿಯರನ್ನೂ ಒಳಗೊಂಡಿದೆ. ಹೊಟೇಲು ಕೋಣೆ ಸ್ವಚ್ಛ ಮಾಡುವವರ, ಗೋದಾಮಿನಲ್ಲಿ ರಾತ್ರಿಪಾಳಿ ಮಾಡುವವರ ಮಕ್ಕಳು ನಮ್ಮಲ್ಲಿ ಶುಲ್ಕವಿಲ್ಲದೆ ಕಲಿಯುತ್ತಾರೆ. ನಮ್ಮ ಕೈಯಲ್ಲಿ ಕಲಿತ ಒಬ್ಬಳು ಇಂದು ಡಿವಿಜನ್ ಮೂರರ ಕಾಲೇಜು ತಂಡದಲ್ಲಿ ಆಡುತ್ತಿದ್ದಾಳೆ. ಇನ್ನೊಬ್ಬಳು ಮಿನ್ನೆಸೋಟದ ಹೈಸ್ಕೂಲಿನಲ್ಲಿ ವಿದ್ಯಾರ್ಥಿವೇತನದ ಮೇಲೆ ಓದುತ್ತಿದ್ದಾಳೆ. ಮತ್ತೊಬ್ಬಳು ರೆಫರಿ ಪರೀಕ್ಷೆ ಪಾಸು ಮಾಡಿ, ಪುಟ್ಟ ಮಕ್ಕಳ ಪಂದ್ಯಗಳಲ್ಲಿ ಸೀಟಿ ಊದುತ್ತಾ ತನ್ನ ಪುಸ್ತಕದ ಖರ್ಚು ತಾನೇ ನೋಡಿಕೊಳ್ಳುತ್ತಾಳೆ. ಕಳೆದ ಚಳಿಗಾಲದ ಟೂರ್ನಿಯಲ್ಲಿ ನಮ್ಮ ಹದಿನಾಲ್ಕರ ಕೆಳಗಿನ ತಂಡ ಸೆಮಿಫೈನಲ್ ಮುಟ್ಟಿದಾಗ ಬೆಂಚಿನ ಹಿಂದೆ ನಿಂತಿದ್ದ ಅಜ್ಜ ಅಜ್ಜಿಯರೆಲ್ಲ ಶಾಲು ಸ್ವೆಟರುಗಳಲ್ಲಿ ನಡುಗುತ್ತಲೇ ಕನ್ನಡದಲ್ಲಿ ಕೂಗು ಹಾಕಿದ್ದನ್ನು ನೀವೂ ಕೇಳಿದ್ದೀರಿ.

ನಮ್ಮ ಗೋಲ್‌ಕೀಪರ್ ಹುಡುಗಿಯ ಮಾತನ್ನು ಇಲ್ಲಿ ಹೇಳಲೇಬೇಕು. ವಯಸ್ಸು ಹದಿಮೂರು. ಕಾಲಿಗೆ ಕಟ್ಟುವ ಪ್ಯಾಡು ಅವಳಿಗಿಂತ ಮುಂಚೆ ಇಬ್ಬರು ಬಳಸಿದ್ದು. ಬಲಗಾಲಿನ ಪಟ್ಟಿ ಹರಿದು, ಅಲ್ಲಿ ಕಪ್ಪು ಟೇಪು ಸುತ್ತಿಕೊಳ್ಳುತ್ತಾಳೆ. ಅಭ್ಯಾಸದ ನಡುವೆ ಟೇಪು ಒದ್ದೆಯಾಗಿ ಬಿಚ್ಚಿದರೆ ಮೊಣಕಾಲೂರಿ ಕೂತು ಮತ್ತೆ ಸುತ್ತಿಕೊಂಡು, ಕೋಲು ಎರಡು ಸಲ ಕಂಬಕ್ಕೆ ಬಡಿದು ಎದ್ದು ನಿಲ್ಲುತ್ತಾಳೆ. ತಾಯಿ ರಾತ್ರಿಪಾಳಿ ಮುಗಿಸಿ ನೇರವಾಗಿ ಅವಳನ್ನು ಬೆಳಗಿನ ಐದು ಗಂಟೆಯ ಅಭ್ಯಾಸಕ್ಕೆ ಕರೆತಂದು, ಕಾರಿನಲ್ಲೇ ಒಂದು ಗಂಟೆ ನಿದ್ದೆ ತೆಗೆಯುತ್ತಾರೆ. ಹೊಸ ಗೋಲ್‌ಕೀಪರ್ ಸರಂಜಾಮಿಗೆ ಎರಡು ಸಾವಿರ ಡಾಲರಿಗೂ ಮೇಲೆ ಬೇಕು. ಆ ಮನೆಯವರು ಇದುವರೆಗೆ ನಮ್ಮನ್ನು ಏನೂ ಕೇಳಿಲ್ಲ. ಅವರ ಪರವಾಗಿ ನಾವು ಕೇಳುತ್ತಿದ್ದೇವೆ.

ಊರಿನ ಕಡೆಯ ಮಾತೂ ಒಂದಿದೆ. 2025ರಲ್ಲಿ ಯುಎಇಯ ಅಲ್ ಐನ್‌ನಲ್ಲಿ ನಡೆದ ಏಷ್ಯಾ ಕಪ್‌ನಲ್ಲಿ ಭಾರತದ ಮಹಿಳಾ ಐಸ್ ಹಾಕಿ ತಂಡ ಕಂಚು ಗೆದ್ದಿತು. ಅವರಲ್ಲಿ ಹೆಚ್ಚಿನವರು ಲಡಾಖ್, ಹಿಮಾಚಲದ ಹುಡುಗಿಯರು, ಹೆಪ್ಪುಗಟ್ಟಿದ ಕೆರೆಗಳ ಮೇಲೆ ಕಲಿತವರು. ಆ ಪದಕದ ಚಿತ್ರವನ್ನು ನಮ್ಮ ಲಾಕರ್ ಕೋಣೆಯ ಬಾಗಿಲಿಗೆ ಅಂಟಿಸಿದ್ದೇವೆ. ನಮ್ಮ ಮಕ್ಕಳು ಅದನ್ನು ಮುಟ್ಟಿಯೇ ಐಸಿಗಿಳಿಯುತ್ತಾರೆ.

ಲೆಕ್ಕ ಹೀಗಿದೆ. ಇಡೀ ಹಂಗಾಮಿನ ಐಸ್ ಬಾಡಿಗೆಗೆ 38 ಸಾವಿರ ಡಾಲರಿನಷ್ಟು ಬೇಕು. ಸರಂಜಾಮು, ವಿಮೆ, ಕಾಲೇಜು ಕ್ಲಬ್ ಹುಡುಗಿಯರ ಪ್ರಯಾಣಕ್ಕೆ ನಾವು ಕೊಡುವ ಪಾಲು ಸೇರಿದರೆ ಮತ್ತೆ ಹತ್ತು ಹನ್ನೆರಡು ಸಾವಿರ. ಕೈಯಲ್ಲಿರುವುದು 15 ಸಾವಿರದ ಸುತ್ತ. ಟ್ರಸ್ಟಿಗಳಾದ ನಾವು ನಮ್ಮ ಪಾಲನ್ನು ಈಗಾಗಲೇ ಹಾಕಿದ್ದೇವೆ. ಕೋಚುಗಳು ಮುಂದಿನ ಮೂರು ತಿಂಗಳು ಸಂಭಾವನೆ ಬೇಡವೆಂದಿದ್ದಾರೆ. ಉಳಿದ ಸುಮಾರು 35 ಸಾವಿರಕ್ಕೆ ನಿಮ್ಮನ್ನು ನಂಬಿದ್ದೇವೆ.

400 ಡಾಲರ್ ಕೊಟ್ಟರೆ ಒಂದು ಗಂಟೆಯ ಐಸ್ ನಿಮ್ಮ ಹೆಸರಿನಲ್ಲಿ ನಡೆಯುತ್ತದೆ. ಮಕ್ಕಳ ಹುಟ್ಟುಹಬ್ಬಕ್ಕೋ ಹಿರಿಯರ ನೆನಪಿಗೋ ಆ ಗಂಟೆಯನ್ನು ಮುಡಿಪಿಡಬಹುದು, ಅಂದು ರಿಂಕಿನ ಫಲಕದಲ್ಲಿ ಹೆಸರು ಬರೆಸುತ್ತೇವೆ. ಅಷ್ಟು ಆಗದಿದ್ದರೆ ಐವತ್ತೋ ನೂರೋ, ನಿಮ್ಮ ಕೈಲಾದಷ್ಟು ಕೊಡಿ. ನೌಕರರ ದೇಣಿಗೆಗೆ ಸರಿಸಮನಾಗಿ ಹಣ ಸೇರಿಸುವ ಕಂಪನಿಯಲ್ಲಿ ನೀವಿದ್ದರೆ ದಯವಿಟ್ಟು ಆ ಅರ್ಜಿಯನ್ನೂ ತುಂಬಿ, ನಿಮ್ಮ ನೂರು ಇನ್ನೂರಾಗುತ್ತದೆ. ಚೆಕ್ಕನ್ನು ಎಂದಿನಂತೆ ಟ್ರಸ್ಟಿನ ಹೆಸರಿಗೆ ಬರೆಯಿರಿ. ತೆರಿಗೆ ವಿನಾಯಿತಿಯ ರಸೀದಿಯನ್ನು ವಾರದೊಳಗೆ ಕಳಿಸುತ್ತೇವೆ. ಸಣ್ಣ ಅಳತೆಯ ಸ್ಕೇಟುಗಳು, ಬಿರುಕಿಲ್ಲದ ಹೆಲ್ಮೆಟ್ಟುಗಳಿದ್ದರೆ ಶನಿವಾರ ಬೆಳಿಗ್ಗೆ ಅಭ್ಯಾಸದ ಹೊತ್ತಿಗೆ ತಂದುಕೊಡಿ. ಹಣದ ದೇಣಿಗೆ ಮಾತ್ರ ಆಗಸ್ಟ್ 20ರ ಮೊದಲೇ ತಲುಪುವಂತೆ ನೋಡಿಕೊಳ್ಳಬೇಕಾಗಿ ಕೈಮುಗಿದು ಕೇಳಿಕೊಳ್ಳುತ್ತೇವೆ.

ಇತಿ ತಮ್ಮ ವಿಶ್ವಾಸಿಗಳು,
ಟ್ರಸ್ಟಿನ ಅಧ್ಯಕ್ಷರು, ಖಜಾಂಚಿ ಮತ್ತು ಎಲ್ಲ ಟ್ರಸ್ಟಿಗಳು