ನೋಟಿಸ್ ಯಾರಿಗೆ ಕೊಡಬೇಕು?

ಮಾನ್ಯ ಸಂಪಾದಕರೇ,

ಸಿದ್ದಾಪುರದ ಬಳಿ ಕಾಫಿ ತೋಟದ ಕೂಲಿಯವರ ಸಾಲುಮನೆಯಿಂದ (ಲೈನ್‌ಮನೆ) ರಾತ್ರಿ ಹೊರಟುಹೋಗಿ ಮರುದಿನ ತೋಡಿನ ಬದಿಯಲ್ಲಿ ಸಿಕ್ಕಿದ, ಮರೆವಿನ ಕಾಯಿಲೆ (ಡಿಮೆನ್ಷಿಯಾ) ಇರುವ ಅಜ್ಜಿಯ ಕುರಿತು ನಿನ್ನೆಯ ಸಂಚಿಕೆಯಲ್ಲಿ ಬಂದ ವರದಿಯನ್ನು ಓದಿದೆ. ಆನೆ ಓಡಾಡುವ ಜಾಗದಲ್ಲಿ ಆ ಜೀವ ಉಳಿದದ್ದೇ ದೊಡ್ಡದು. ಆದರೆ ‘ಇದು ಮನೆಯವರ ನಿರ್ಲಕ್ಷ್ಯ, ಹಿರಿಯರನ್ನು ಕೈಬಿಟ್ಟವರಿಗೆ ಮೂರು ತಿಂಗಳು ಜೈಲು ಎಂದು ಕಾನೂನಿನಲ್ಲಿದೆ, ನೋಟಿಸ್ ಕೊಡುತ್ತೇವೆ’ ಎಂದು ಅಧಿಕಾರಿಯೊಬ್ಬರು ಹೇಳಿರುವುದನ್ನು ಕಂಡು ಸಿಟ್ಟು ತಡೆಯಲಾಗದೆ ಈ ಪತ್ರ ಬರೆಯುತ್ತಿದ್ದೇನೆ.

ಅವರು ಹೇಳಿದ್ದು 2007ರ ತಂದೆ ತಾಯಿ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣ ಕಾಯ್ದೆಯ 24ನೇ ಸೆಕ್ಷನ್. ಹಿರಿಯರನ್ನು ಪೂರ್ತಿಯಾಗಿ ತೊರೆಯುವ ಉದ್ದೇಶದಿಂದ ಎಲ್ಲಾದರೂ ಬಿಟ್ಟುಬರುವವರಿಗೆ ಅದು ಅನ್ವಯಿಸುತ್ತದೆ. ದಿನವಿಡೀ ದುಡಿದು ಬಂದು ರಾತ್ರಿ ಕಣ್ಣು ಹತ್ತಿದವರಿಗೆ ಅನ್ವಯಿಸುವುದಿಲ್ಲ. ಅದೇ ಕಾಯ್ದೆಯ 20ನೇ ಸೆಕ್ಷನ್ ಹಿರಿಯರಿಗೆ ಸರ್ಕಾರಿ ಆಸ್ಪತ್ರೆಗಳಲ್ಲಿ ಹಾಸಿಗೆ ಒದಗಿಸಬೇಕು, ದೀರ್ಘಕಾಲದ ಮತ್ತು ದಿನೇ ದಿನೇ ಕ್ಷೀಣಿಸುವ ಕಾಯಿಲೆಗಳ ಚಿಕಿತ್ಸೆಯನ್ನು ವಿಸ್ತರಿಸಬೇಕು, ಪ್ರತಿ ಜಿಲ್ಲಾಸ್ಪತ್ರೆಯಲ್ಲಿಯೂ ವೃದ್ಧರ ಆರೈಕೆಯಲ್ಲಿ ಅನುಭವವಿರುವ ವೈದ್ಯರ ಕೈಕೆಳಗೆ ಪ್ರತ್ಯೇಕ ವ್ಯವಸ್ಥೆ ಇರಬೇಕು ಎಂದು ರಾಜ್ಯ ಸರ್ಕಾರಕ್ಕೆ ಹೇಳುತ್ತದೆ. ಬಡವರನ್ನು ಹೆದರಿಸುವ ಸೆಕ್ಷನ್ ಬಾಯಿಪಾಠವಾಗಿರುವವರು ಇದನ್ನೂ ಒಮ್ಮೆ ಓದಲಿ.

ನಮ್ಮ ಅತ್ತೆಗೂ ಇದೇ ಮರೆವಿನ ಕಾಯಿಲೆ. ಜೀವಮಾನವೆಲ್ಲ ಕಾಫಿ ಕುಯ್ದವರು ಈಗ ಸಂಜೆಯಾದರೆ ಸಾಕು, ನಾವಿರುವ ಮನೆಯೊಳಗೇ ನಿಂತು ‘ಮನೆಗೆ ಹೋಗಬೇಕು, ಬಿಡಿ’ ಎಂದು ಬಾಗಿಲು ಬಡಿಯುತ್ತಾರೆ. ಕೈಗೆ ಎಟುಕದಂತೆ ಮೇಲೊಂದು ಚಿಲಕ ಹಾಕಿಸಿದೆವು. ಚಿಲಕ ಹಾಕಿದರೆ ಮುದುಕಿಯನ್ನು ಕೂಡಿಹಾಕಿದ್ದಾರೆಂಬ ಮಾತು, ಹಾಕದಿದ್ದರೆ ಕತ್ತಲಲ್ಲಿ ತೋಟದೊಳಗೆ ಆನೆ. ಪಕ್ಕದ ಮನೆಗೂ ನಮಗೂ ನಡುವೆ ಒಂದೇ ಗೋಡೆ. ಅತ್ತೆ ರಾತ್ರಿಯೆಲ್ಲ ಕೂಗಿದರೆ ಬೆಳಿಗ್ಗೆ ಕೆಲಸಕ್ಕೆ ಹೋಗಬೇಕಾದ ಆ ಮನೆಯವರಿಗೂ ನಿದ್ದೆಯಿಲ್ಲ. ಮಳೆಗಾಲದಲ್ಲಿ ಕರೆಂಟು ಹೋದಾಗ ನನ್ನನ್ನೇ ಯಾರೋ ಕಳ್ಳಿಯೆಂದು ತಿಳಿದು ಕೈಗೆ ಸಿಕ್ಕಿದ್ದನ್ನು ಎತ್ತುತ್ತಾರೆ. ಸ್ನಾನಕ್ಕೆ ಒಪ್ಪಿಸುವಷ್ಟರಲ್ಲಿ ಅರ್ಧ ದಿನ ಹೋಗುತ್ತದೆ. ಕುಯ್ಲಿನ ಕಾಲದಲ್ಲಿ ಕೂಲಿ ಕಿಲೋ ಲೆಕ್ಕದಲ್ಲಿ; ವರ್ಷದಲ್ಲಿ ನಾಲ್ಕು ಕಾಸು ಉಳಿಯುವ ಆ ತಿಂಗಳುಗಳಲ್ಲಿಯೇ ಒಬ್ಬರು ಮನೆಯಲ್ಲಿ ಕೂರಬೇಕು. ಹೀಗಿದ್ದೂ ನಾವು ಅವರನ್ನು ಬಿಟ್ಟಿಲ್ಲ, ಬಿಡುವುದೂ ಇಲ್ಲ. ಆ ಅಜ್ಜಿಯ ಮನೆಯವರೂ ಬಿಟ್ಟವರಲ್ಲ.

ಮೊದಲು ತೋರಿಸಿದ ಆಸ್ಪತ್ರೆಯಲ್ಲಿ ‘ವಯಸ್ಸಾಯಿತು, ಅರಳುಮರಳು’ ಎಂದು ಹೇಳಿ ಕಳುಹಿಸಿದರು. ಥೈರಾಯ್ಡ್ ತೊಂದರೆಯಿಂದಲೂ ಬಿ12 ಕೊರತೆಯಿಂದಲೂ ಮರೆವು ಬರಬಹುದು, ಅದನ್ನು ರಕ್ತಪರೀಕ್ಷೆಯಿಂದ ತಿಳಿದು ಚಿಕಿತ್ಸೆ ಕೊಡಬಹುದು ಎಂಬುದು ನಮಗೆ ಗೊತ್ತಾದದ್ದು ಸಾಲ ಮಾಡಿ ಮೈಸೂರಿಗೆ ಹೋದ ಮೇಲೆ. ಅತ್ತೆಗೆ ಇರುವುದು ಗುಣವಾಗುವ ಬಗೆಯಲ್ಲ, ಮಾತ್ರೆಯಿಂದ ಸ್ವಲ್ಪ ಅನುಕೂಲವಾಗಬಹುದಷ್ಟೇ, ನೋಡಿಕೊಳ್ಳುವ ರೀತಿಯೇ ಮುಖ್ಯ ಎಂದು ಅಲ್ಲಿನ ವೈದ್ಯರು ಹೇಳಿದರು. ಆ ರೀತಿಯನ್ನು ನಮಗೆ ಕಲಿಸುವವರು ಯಾರು? ನಮ್ಮ ಕಡೆಗೆ ಬರುವ ಆಶಾ ಕಾರ್ಯಕರ್ತೆಯನ್ನು ಕೇಳಿದರೆ ತನಗೂ ಯಾರೂ ಹೇಳಿಕೊಟ್ಟಿಲ್ಲ ಎನ್ನುತ್ತಾರೆ. ದೇಶದಲ್ಲಿ ಅರವತ್ತು ದಾಟಿದವರಲ್ಲಿ ಶೇ 7.4ರಷ್ಟು, ಅಂದರೆ ಸುಮಾರು 88 ಲಕ್ಷ ಜನರಿಗೆ ಈ ಕಾಯಿಲೆ ಇದೆಯೆಂದು ಅಂದಾಜು. ಅವರ ಮನೆಯವರೆಲ್ಲರಿಗೂ ನೋಟಿಸ್ ಕೊಡುತ್ತಾರೆಯೇ?

ಅಧಿಕಾರಿಗಳಿಂದ ನಾವು ಪಡುವ ಪಾಡು ಇಂದಿನದಲ್ಲ. ತಿಂಗಳಿಗೆ 1,200 ರೂಪಾಯಿಯ ಸಂಧ್ಯಾ ಸುರಕ್ಷಾ ಪಿಂಚಣಿ ನಿಂತಾಗ ಅತ್ತೆಯನ್ನೇ ಕರೆತರಬೇಕೆಂದರು. ಜೀಪು ಬಾಡಿಗೆಗೆ ಹಿಡಿದು, ದಾರಿಯುದ್ದಕ್ಕೂ ಅಳುತ್ತಿದ್ದವರನ್ನು ಸಮಾಧಾನ ಮಾಡುತ್ತ ಕರೆದೊಯ್ದರೆ ಸರ್ವರ್ ಇಲ್ಲ. ಸರ್ವರ್ ಬಂದಾಗ, ಕೆಲಸ ಮಾಡಿ ಸವೆದ ಹೆಬ್ಬೆರಳು ಯಂತ್ರಕ್ಕೆ ಹಿಡಿಯಲಿಲ್ಲ. ಮನೆಗೆ ಬಂದು ನೋಡಿ ಎಂದು ಕೈಮುಗಿದರೆ ಸಿಬ್ಬಂದಿ ಇಲ್ಲವೆಂದರು. ಹಿಂದೊಮ್ಮೆ ಸರ್ವೆಗೆಂದು ಬಂದವರು ಲೈನ್‌ಮನೆಯ ಮುದುಕರ ಹೆಸರುಗಳನ್ನೆಲ್ಲ ಬರೆದುಕೊಂಡು ಹೋದರು; ಆ ಪುಸ್ತಕ ಯಾವ ಕಪಾಟಿನಲ್ಲಿದೆಯೋ. ಪಿಂಚಣಿಗೆ ಇಲ್ಲದ ಸಿಬ್ಬಂದಿ ನೋಟಿಸ್ ಹಿಡಿದು ಬರಲು ಎಲ್ಲಿಂದ ಹುಟ್ಟಿಕೊಳ್ಳುತ್ತಾರೆ?

ಆ ಮನೆಗೆ ನೋಟಿಸ್ ಕೊಡಕೂಡದು. ನಮ್ಮಂಥವರಿಗೆ ಏನಾದರೂ ವ್ಯವಸ್ಥೆ ಆಗಬೇಕು: ಹಗಲು ಹೊತ್ತು ಇಂಥವರನ್ನು ನೋಡಿಕೊಳ್ಳಲು ಒಂದು ಜಾಗವಾಗಲಿ, ಮನೆಗೇ ಬಂದು ಹೇಳಿಕೊಡುವ ಒಬ್ಬ ನರ್ಸ್ ಆಗಲಿ, ಏನಾದರೂ. ಅದೂ ಆಗದಿದ್ದರೆ, ಪತ್ರಿಕೆಯವರ ಮುಂದೆ ಕೂಲಿಯವರಿಗೆ ಬುದ್ಧಿ ಹೇಳುವುದನ್ನಾದರೂ ಈ ಅಧಿಕಾರಿಗಳು ನಿಲ್ಲಿಸಬೇಕು.

– ಓದುಗರೊಬ್ಬರು, ಸಿದ್ದಾಪುರ, ಕೊಡಗು