ತೊಟ್ಟಿಲ ಸೀಟು ಕೂಸಿಗೇ ಸಿಗಲಿ

ಮಾನ್ಯ ಸಂಪಾದಕರೇ,

ಬೆಂಗಳೂರಿನಿಂದ ಲಂಡನ್‌ಗೆ ನೇರ ವಿಮಾನದಲ್ಲೂ 10 ಗಂಟೆಗಿಂತ ಜಾಸ್ತಿ ಹಿಡಿಯುತ್ತದೆ. 2 ವರ್ಷದೊಳಗಿನ ಮಗುವಿಗೆ ಬೇರೆ ಸೀಟು ಕೊಳ್ಳದಿದ್ದರೆ ಅಮ್ಮನ ಮಡಿಲೇ ಗತಿ. ಮುಂದಿನ ಗೋಡೆಗೆ ಸಿಕ್ಕಿಸುವ ಬ್ಯಾಸಿನೆಟ್, ಅಂದರೆ ಪುಟ್ಟ ತೊಟ್ಟಿಲು, ಕೆಲವೇ ಸೀಟುಗಳ ಎದುರು ಇರುತ್ತದೆ.

ಬಾಣಂತನ ಮುಗಿಸಿದ ಮಗಳನ್ನು ಬಿಡಲು ನಾನೂ ಹೋಗಿದ್ದೆ. ಮೊದಲೇ ಫೋನ್ ಮಾಡಿ ಆ ಸೀಟು ಕೇಳಿದ್ದೆವು, ಆಗಲಿ ಅಂದಿದ್ದರು. ಕೌಂಟರ್‌ಗೆ ಹೋದರೆ, ಕಾಲು ಚಾಚಲು ಜಾಗ ಬೇಕೆಂದು ಹೆಚ್ಚು ದುಡ್ಡು ಕೊಟ್ಟವರಿಗೆ ಅದು ಹೋಗಿತ್ತು. ದಾರಿಯುದ್ದಕ್ಕೂ ಕೂಸು ಮಗಳ ತೋಳಿನ ಮೇಲೇ ಮಲಗಿತ್ತು. ನಾನು ಎತ್ತಿಕೊಂಡರೆ ಎದ್ದು ಅಳುತ್ತಿತ್ತು. ಊಟದ ಟ್ರೇ ಮುಚ್ಚಳ ತೆಗೆಯದೆ ವಾಪಸ್ ಹೋಯಿತು.

ಇಳಿಯುವಾಗ ಗಾಳಿಯ ಒತ್ತಡ ಬದಲಾಗಿ ಎಳೆ ಕಿವಿ ನೋಯುತ್ತದೆ. ಆಗ ಹಾಲು ಕುಡಿಸಿದರೆ, ನುಂಗುವಾಗ ಕಿವಿ ಬಿಡುತ್ತದೆ. ಇದನ್ನು ಗಗನಸಖಿಯರೇ ತಾಯಂದಿರಿಗೆ ಮುಂಚೆ ಹೇಳಬಾರದೇ?

ಬ್ಯಾಸಿನೆಟ್ ಸೀಟು ಮೊದಲು ಕೂಸಿರುವವರಿಗೆ ಸಿಗಬೇಕು, ಟಿಕೆಟ್‌ನಲ್ಲೇ ಅಚ್ಚಾಗಬೇಕು. ಉಳಿದರೆ ಬೇರೆಯವರಿಗೆ ಮಾರಲಿ, ಯಾರು ಬೇಡ ಅಂತಾರೆ? ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ ಇದನ್ನು ಎಲ್ಲ ಕಂಪನಿಗಳಿಗೂ ಕಡ್ಡಾಯ ಮಾಡಬೇಕೆಂದು ಕೇಳಿಕೊಳ್ಳುತ್ತೇನೆ.

– ಒಬ್ಬ ಅಜ್ಜಿ, ದಾವಣಗೆರೆ